ಗಾಜಿನಂಥ ಕಾರಿಗೆ ಎಮರಿ ಪೇಪರ್

ಮೊನ್ನೆ ಸಂಜೆ ಕೆಲಸ ಮುಗಿಸಿ ಹೊರಟಾಗ ನಂಜನಗೂಡಿನ ಹತ್ತಿರ ತಾಂಡ್ಯದ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿ ಸಿದ್ದಪ್ಪ ನನ್ನ ಅಂಗಿ ಜೇಬಿನಿಂದ ಒಂದು ಸಣ್ಣ ತಂತಿ ತುಂಡನ್ನು ಎಳೆದು ತೆಗೆದ. ಹೆಂಗಸರು ಕೂದಲಿಗೆ ಸಿಕ್ಕಿಸಿಕೊಳ್ಳುವ ಪಿನ್ನಿನ ಹಾಗೆ ಬಾಗಿಸಿದ ತಂತಿ, ಉಗುರಿಗಿಂತ ಸ್ವಲ್ಪ ಉದ್ದ. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

“ಏನ್ ಸಾ ಇದು? ಒಳಗಿಂದ ತಕ್ಕೊಂಡೋಯ್ತಾ ಇದ್ದೀರಾ?”

“ಅಲ್ಲ ಕಣಯ್ಯ, ಮನೇದು. ಕಾರಿನ ಪಿನ್ನು.”

“ಕಾರು ಯಾವಾಗ ತಕ್ಕೊಂಡ್ರಿ ಸಾ? ಏಳ್ಲೇ ಇಲ್ಲ!”

“ಆ ಕಾರಲ್ಲ. ರಿಮೋಟಿನ ಕಾರು. ಮಕ್ಕಳ ಜೊತೆ ಸೇರಿ ಕಟ್ಟಿದ್ದು. ಮೇಲಿನ ಬಾಡಿ ಹಾರಿಹೋಗದ ಹಾಗೆ ಈ ಪಿನ್ನು ಸಿಕ್ಕಿಸಬೇಕು.”

“ಓ, ಮಕ್ಕಳಾಟದ ಸಾಮಾನು” ಎಂದು ಪಿನ್ನನ್ನು ನನ್ನ ಅಂಗೈಗೆ ಹಾಕಿ ಹಿಂದಿನವರ ಜೇಬಿಗೆ ಕೈ ಹಾಕಿದ. ಮಕ್ಕಳಾಟದ ಸಾಮಾನಂತೆ! ಆ ಸಾಮಾನು ನಮ್ಮ ಮನೆಯಲ್ಲಿ ಮಾಡಿದ ಕಿತಾಪತಿ ಅವನಿಗೇನು ಗೊತ್ತು. ನಿಮಗಾದರೂ ಹೇಳೋಣ ಎಂದು ಕೂತಿದ್ದೇನೆ. ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೇ ನನಗೆ ಗೊಂದಲ.

ಗೊಂದಲ ನನಗೆ ಹೊಸದೇನಲ್ಲ. ಎಡ ಯಾವುದು ಬಲ ಯಾವುದು ಎಂದು ಈಗಲೂ ಒಂದು ಕ್ಷಣ ಊಟದ ಕೈ ನೆನಪು ಮಾಡಿಕೊಂಡೇ ಹೇಳುವವನು ನಾನು. ಚಿಕ್ಕಯ್ಯನಛತ್ರದ ಕಡೆ ನಮ್ಮೂರ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು “ಎಡಕ್ಕೆ ತಿರುಗ್!” ಎಂದು ಕೂಗಿದರೆ ಇಡೀ ಸಾಲು ಒಂದು ಕಡೆ ತಿರುಗುತ್ತಿತ್ತು, ನಾನು ಪಕ್ಕದವನ ಮೂಗಿಗೆ ಮೂಗು ಕೊಟ್ಟು ನಿಂತಿರುತ್ತಿದ್ದೆ. ಮೇಷ್ಟ್ರು ಕೊನೆಗೆ ಬೇಸತ್ತು, “ನೀನು ತಿರುಗಲೇಬೇಡ ಮಾರಾಯ, ಸುಮ್ನೆ ನಿಂತಿರು” ಎಂದು ಹೇಳಿ ನನ್ನನ್ನು ಧ್ವಜದ ಕಂಬದ ಹತ್ತಿರ ನಿಲ್ಲಿಸಿದರು. ಅದನ್ನು ನಾನು ಬಡ್ತಿ ಅಂದುಕೊಂಡು ಮನೆಯಲ್ಲಿ ಹೇಳಿಕೊಂಡಿದ್ದೆ.

ಗೊಂದಲವಿಲ್ಲದ ಒಂದೇ ಜಾಗ ನನ್ನ ಕೆಲಸ. ಇಪ್ಪತ್ತು ವರ್ಷದಿಂದ ಪೇಂಟ್ ಶಾಪಿನಲ್ಲಿದ್ದೇನೆ. ಕಬ್ಬಿಣದ ಪೆಟ್ಟಿಗೆಗಳಿಗೆ ಬಣ್ಣ ಹೊಡೆಸುವುದು. ಮೊದಲು ಎಮರಿ ಪೇಪರಿನಲ್ಲಿ ಉಜ್ಜಬೇಕು, ಒರೆಸಬೇಕು, ಪ್ರೈಮರ್ ಹೊಡೆಯಬೇಕು, ಆಮೇಲೆ ಬಣ್ಣ. ಉಜ್ಜದೆ ಹೊಡೆದ ಬಣ್ಣ ವರ್ಷ ತುಂಬುವುದರೊಳಗೆ ಹಪ್ಪಳದ ಹಾಗೆ ಏಳುತ್ತದೆ. ಹೊಸದಾಗಿ ಸೇರಿದವರಿಗೆಲ್ಲ ಇದನ್ನು ಎಷ್ಟು ಸಲ ಹೇಳಿದ್ದೇನೆ ಅಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಇದು ನೆನಪಿರಲಿ, ನನ್ನ ಮಾನ ಹೋದದ್ದು ಇಲ್ಲಿಂದಲೇ.

ನಮ್ಮ ಸಂಸಾರದ ಏರ್ಪಾಡನ್ನೂ ಹೇಳಬೇಕು. ನನ್ನ ಹೆಂಡತಿ ಸುಧಾ ಟಿ. ನರಸೀಪುರದಲ್ಲಿ ಟೀಚರ್. ಮನೆ ಅಲ್ಲಿ. ಹದಿಮೂರು ವರ್ಷದ ಚಂದನ, ಎಂಟು ವರ್ಷದ ತೇಜು, ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ, ಅವರನ್ನು ನೋಡಿಕೊಳ್ಳುವ ನಮ್ಮತ್ತೆಯೂ ಅಲ್ಲೇ. ನಾನು ಮಾತ್ರ ನಂಜನಗೂಡಿನಲ್ಲಿ ಒಂದು ರೂಮಿನಲ್ಲಿ. ಶನಿವಾರ ಸಂಜೆ ಹೋಗುವುದು, ಸೋಮವಾರ ಬೆಳಿಗ್ಗೆ ವಾಪಸು ಬರುವುದು. ಅಷ್ಟು ಹತ್ತಿರ ಇದ್ದುಕೊಂಡು ಎರಡು ಮನೆ ಯಾಕ್ರೀ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ರೆಡಿ ಇರುತ್ತದೆ: ಶಿಫ್ಟು ವಾರವಾರ ಬದಲಾಗುತ್ತದೆ, ಆ ಹೊತ್ತಿಗೆ ಬಸ್ಸಿಲ್ಲ, ಬೈಕಿನಲ್ಲಿ ಓಡಾಡುತ್ತಿದ್ದ ಕಾಲಕ್ಕೆ ಒಮ್ಮೆ ತೂಕಡಿಸಿ ಗದ್ದೆಗೆ ಇಳಿದಿದ್ದೆ. ಎರಡು ತಿಂಗಳ ಮಟ್ಟಿಗೆ ಎಂದು ಹಿಡಿದ ರೂಮು ಅದು. ನಾಲ್ಕು ವರ್ಷವಾಗಿತ್ತು.

ಈ ನಾಲ್ಕು ವರ್ಷದಲ್ಲಿ ಮಕ್ಕಳು ನನ್ನನ್ನು ಏನನ್ನೂ ಕೇಳಿರಲಿಲ್ಲ. ಪುಸ್ತಕ, ಬಟ್ಟೆ, ಚಪ್ಪಲಿ, ಜ್ವರದ ಮಾತ್ರೆ, ಎಲ್ಲ ಅಮ್ಮನ ಇಲಾಖೆ. ಹಾಗಿರುವಾಗ ಒಂದು ಭಾನುವಾರ ಚಂದನ ಮೊಬೈಲ್ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅದರಲ್ಲಿ ಯಾರೋ ತಂದೆ ಮಕ್ಕಳು ಬಿಡಿಬಿಡಿ ಭಾಗ ಜೋಡಿಸಿ ರಿಮೋಟ್ ಕಾರು ಕಟ್ಟುತ್ತಿದ್ದರು. “ಅಪ್ಪ, ಇದನ್ನ ನಾವು ಕಟ್ಟೋಕಾಗುತ್ತಾ? ನೀವು ಪೇಂಟಿಂಗ್ ಬೇರೆ ಮಾಡ್ತೀರಲ್ಲ” ಅಂದಳು. ನೀವು ಪೇಂಟಿಂಗ್ ಬೇರೆ ಮಾಡ್ತೀರಲ್ಲ! ಇಪ್ಪತ್ತು ವರ್ಷದಲ್ಲಿ ಕಾರ್ಖಾನೆಯವರು ಇಂಥ ಒಂದು ಮಾತು ಹೇಳಿರಲಿಲ್ಲ. ಅವತ್ತೇ ಆರ್ಡರ್ ಮಾಡಿದೆ.

ಡಬ್ಬಿ ಬಂತು. ಬಿಚ್ಚಿದರೆ ಸಾಸಿವೆ ಡಬ್ಬಿ ಚೆಲ್ಲಿದ ಹಾಗೆ ಸ್ಕ್ರೂಗಳು. ಬೆರಳಿನಷ್ಟು ಉದ್ದದ ಶಾಕ್ ಅಬ್ಸಾರ್ಬರ್, ಅದರೊಳಗೆ ತುಂಬಲು ಕುಂಕುಮದ ಭರಣಿಯಷ್ಟು ಎಣ್ಣೆ, ಹಲ್ಲುಹಲ್ಲಿನ ಗೇರುಗಳು, ಮುಂದಿನ ಚಕ್ರ ತಿರುಗಿಸಲು ಒಂದು ಪುಟ್ಟ ಮೋಟರು, ಹಿಂದಿನ ಚಕ್ರ ಓಡಿಸಲು ಇನ್ನೊಂದು. ಸುಧಾ ಬೇಳೆ ಹಸನು ಮಾಡುವ ಮೊರ ತಂದುಕೊಟ್ಟಳು. ಅದರಲ್ಲಿ ಸ್ಕ್ರೂಗಳನ್ನು ವಿಂಗಡಿಸಲು ಕೂತೆವು.

ನಾನು ಚಿಕ್ಕಂದಿನಲ್ಲಿ ಕಟ್ಟಿದ ಕಾರುಗಳಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಬಾಳೆದಿಂಡಿನ ಒಂದು ತುಂಡು, ಎರಡು ಕಡ್ಡಿ, ನಾಲ್ಕು ಚಕ್ರ. ಚಕ್ರಕ್ಕೆ ಹವಾಯಿ ಚಪ್ಪಲಿ ಬೇಕು. ಸವೆದ ಚಪ್ಪಲಿಯ ಚಕ್ರ ತೆಳ್ಳಗಾಗುತ್ತದೆ, ಕಾರು ನೆಟ್ಟಗೆ ಓಡುವುದಿಲ್ಲ. ಅದಕ್ಕೆ ನಾನು ನಮ್ಮಪ್ಪ ಹೊಸದಾಗಿ ತಂದಿದ್ದ ಜೋಡಿಯನ್ನೇ ಬ್ಲೇಡಿಗೆ ಕೊಟ್ಟೆ. ನಮ್ಮಪ್ಪ ಹಿಟ್ಟಿನ ಮಿಲ್ಲು ನಡೆಸುತ್ತಿದ್ದರು. ಅವತ್ತು ಅವರು ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು, ಬರಿಗಾಲಲ್ಲಿ, ಕೈಯಲ್ಲಿ ನಾಲ್ಕು ದುಂಡು ತೂತು ಬಿದ್ದ ಚಪ್ಪಲಿ ಹಿಡಿದು ಊರ ನಡುವೆ ಓಡಿಬಂದರು. ಜನ ಯಾವುದೋ ವೇಷ ಬಂತು ಅಂದುಕೊಂಡರು. ಬೆನ್ನ ಮೇಲೆ ಬಿದ್ದ ಏಟು ಮರೆತಿದ್ದೇನೆ, ಆ ಕಾರು ಸೊಗಸಾಗಿ ಓಡಿದ್ದು ಮರೆತಿಲ್ಲ.

ಇರಲಿ. ಮೂರು ಭಾನುವಾರ ಕೂತು ಕಾರಿನ ಕೆಳಭಾಗ ಕಟ್ಟಿದೆವು. ಉಳಿದದ್ದು ಮೇಲಿನ ಬಾಡಿ. ಅದು ಬಣ್ಣವಿಲ್ಲದ ಪ್ಲಾಸ್ಟಿಕ್ಕಿನದು, ಗಾಜಿನ ಹಾಗೆ ಆಚೆಯದೆಲ್ಲ ಕಾಣುತ್ತದೆ. ಅದಕ್ಕೆಂದೇ ಚಂದನ ನೋಟ್‌ಬುಕ್ಕಿನಲ್ಲಿ ಹತ್ತಾರು ಚಿತ್ರ ಬರೆದು, ಅಳಿಸಿ, ಕೊನೆಗೆ ಒಂದನ್ನು ಆರಿಸಿಟ್ಟಿದ್ದಳು: ನೀಲಿ ಮೈ, ಬಿಳಿ ಮಿಂಚು, ಬಾಗಿಲ ಮೇಲೆ ಹಳದಿ ಅಕ್ಷರದಲ್ಲಿ ಅಕ್ಕತಂಗಿಯರ ಹೆಸರು. ವಾರಗಟ್ಟಲೆ ಕಾದಿದ್ದು ಅವಳು ಆ ಬಣ್ಣಕ್ಕೇ.

“ಇನ್ನು ನೀವು ಸುಮ್ನೆ ನೋಡ್ತಿರಿ” ಎಂದು ನಾನು ತೋಳು ಮಡಚಿದೆ. ಬಾಡಿಯ ಮೇಲೆ ತೆಳ್ಳಗಿನ ಒಂದು ಹಾಳೆ ಅಂಟಿಕೊಂಡಿತ್ತು. ಪ್ಯಾಕಿಂಗಿನದು ಇರಬೇಕು ಎಂದು ಕಿತ್ತೆಸೆದೆ. ಎಮರಿ ಪೇಪರ್ ತೆಗೆದು ಉಜ್ಜಲು ಕೂತೆ. ಉಜ್ಜುತ್ತ, ಉಜ್ಜುವುದರ ಮಹತ್ವದ ಬಗ್ಗೆ ಮಕ್ಕಳಿಗೆ ಒಂದು ಭಾಷಣವನ್ನೂ ಮಾಡಿದೆ. ಚಂದನ ಕೈಯಲ್ಲಿ ಕಾರಿನ ಜೊತೆ ಬಂದ ಸೂಚನೆಯ ಪುಸ್ತಕ ಹಿಡಿದು ನಿಂತಿದ್ದಳು. ಒಂದೆರಡು ಸಲ ಬಾಯಿ ತೆರೆದು ಮುಚ್ಚಿದಳು. ಅರ್ಧ ಗಂಟೆಯಲ್ಲಿ ಗಾಜಿನಂಥ ಕಾರು ಮಂಜು ಕವಿದ ಬಾತ್‌ರೂಮ್ ಕಿಟಕಿಯ ಹಾಗಾಯಿತು. ಅದರ ಮೇಲೆ ಬೂದು ಬಣ್ಣದ ಪ್ರೈಮರ್ ಹೊಡೆದು ಹೆಮ್ಮೆಯಿಂದ ಎತ್ತಿ ತೋರಿಸಿದೆ.

“ಚೆನ್ನಾಗಿದೆ ಅಪ್ಪ” ಅಂದಳು ಚಂದನ.

ತೇಜುಗೆ ಬಾಯಿ ನಿಲ್ಲುವುದಿಲ್ಲ. “ಅಪ್ಪಾ, ಇದಕ್ಕೆ ಒಳಗಿಂದ ಬಣ್ಣ ಹೊಡೀಬೇಕಂತೆ! ಹೊರಗೆ ಹೊಡೆದ್ರೆ ಕಾರು ಪಲ್ಟಿ ಹೊಡೆದಾಗೆಲ್ಲ ಕೆರೆದು ಹೋಗುತ್ತಂತೆ. ಒಳಗಿದ್ರೆ ಹೋಗಲ್ಲ, ಗಾಜಿನ ಥರ ಮಿಂಚುತ್ತಂತೆ. ನೀವು ಕಿತ್ತು ಬಿಸಾಕಿದ ಹಾಳೇನ ಕೊನೇಲಿ ಕೀಳ್ಬೇಕಂತೆ. ಅಕ್ಕ ಬುಕ್ಕಲ್ಲಿ ಮೊದಲೇ ಓದಿದ್ಲು.”

ನಾನು ಚಂದನಳ ಮುಖ ನೋಡಿದೆ. “ಗೊತ್ತಿತ್ತಾ ನಿನಗೆ?”

“ಪರ್ವಾಗಿಲ್ಲ ಬಿಡಿ ಅಪ್ಪ. ಹಿಂಗೂ ಚೆನ್ನಾಗಿದೆ.”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?”

ಅವಳು ಸೂಚನೆಯ ಪುಸ್ತಕ ಮಡಚಿಟ್ಟಳು. ಅದಕ್ಕೂ ತೇಜುವೇ ಉತ್ತರ ಕೊಟ್ಟಳು. “ಅಪ್ಪ ವಾರಕ್ಕೊಂದಿನ ಬರೋದು, ಎದುರು ಮಾತಾಡ್ಬೇಡಿ, ಅವರು ಇರೋ ತನಕ ಖುಷಿಯಾಗಿರಿ ಅಂತ ಅಮ್ಮ ಹೇಳಿದ್ದಾರೆ.”

ಇಂಗು ತಿಂದ ಮಂಗನ ಹಾಗಾದೆ. ಸುಧಾ ಅಡುಗೆಮನೆಯಿಂದ ಇಣುಕಿದವಳು ಹಾಗೇ ಒಳಗೆ ಸರಿದಳು. ಅವಳನ್ನು ಏನೆಂದು ಬೈಯಲಿ? ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದಾಳೆ. ಆದರೆ ಅವತ್ತು ನನ್ನ ಕಣ್ಣಿಗೆ ಬೇರೆ ಏನೇನೋ ಕಾಣತೊಡಗಿತು. ಚಂದನ ಅಮ್ಮನ ಮೇಲೆ ದಿನಕ್ಕೆ ಹತ್ತು ಸಲ ಎಗರಾಡುತ್ತಾಳೆ. ಅಜ್ಜಿಯ ಜೊತೆ ಟಿವಿ ರಿಮೋಟಿಗೆ ಕುಸ್ತಿಗೆ ಬೀಳುತ್ತಾಳೆ. ತಂಗಿಗಂತೂ ಗುದ್ದು. ನನಗೆ ಮಾತ್ರ, “ಕಾಫಿ ಬೇಕಾ ಅಪ್ಪ? ಫ್ಯಾನ್ ಹಾಕ್ಲಾ ಅಪ್ಪ? ಪರ್ವಾಗಿಲ್ಲ ಬಿಡಿ ಅಪ್ಪ.” ಮನೆಗೆ ಬಂದ ನೆಂಟರಿಗೆ ನಾವು ಹೀಗೇ ಅಲ್ಲವೇ ಮಾಡುವುದು? ಎಷ್ಟು ಒಳ್ಳೆಯ ಮಗಳು ಎಂದು ನಾಲ್ಕು ವರ್ಷ ಹಿಗ್ಗಿದ್ದೆನಲ್ಲ, ನಾನು ಆ ಮನೆಗೆ ನೆಂಟನಾಗಿದ್ದೆ. ಒಂದೇ ಒಂದು ಸಲ ಆ ಹುಡುಗಿ ನನ್ನ ಮೇಲೆ ರೇಗಬೇಕು ಎಂದು ಮನಸ್ಸು ಹಟ ಹಿಡಿಯಿತು. ಜಗತ್ತಿನಲ್ಲಿ ಯಾವ ಅಪ್ಪನಿಗೆ ಇಂಥ ಆಸೆ ಹುಟ್ಟಿರಬಹುದು, ನೀವೇ ಹೇಳಿ.

ಆಸೆ ಹುಟ್ಟಿದ ಮೇಲೆ ಬುದ್ಧಿ ಕೆಟ್ಟಿತು. ಬೇಕೆಂದೇ ತಪ್ಪು ಮಾಡಲು ಶುರುಮಾಡಿದೆ. ಮುಂದಿನ ಚಕ್ರ ಬಿಚ್ಚಿ ಉಲ್ಟಾ ಹಾಕಿದೆ. ಸ್ಟೇರಿಂಗಿನ ಕಡ್ಡಿಯನ್ನು ಸೊಟ್ಟಗೆ ಕೂರಿಸಿದೆ. ಬ್ಯಾಟರಿ ಇಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಇಟ್ಟು ಮುಚ್ಚಿದೆ. ಚಂದನ ನೋಡಿದಳು, ನಕ್ಕಳು, “ಪರ್ವಾಗಿಲ್ಲ ಅಪ್ಪ” ಅಂದಳು. ಮುಂದಿನ ಶನಿವಾರ ಹೋಗಿ ನೋಡಿದರೆ ಎಲ್ಲ ಸರಿಯಾಗಿತ್ತು.

“ಯಾರು ಸರಿ ಮಾಡಿದ್ದು?” ಎಂದು ತೇಜುವನ್ನು ಗುಟ್ಟಾಗಿ ಕೇಳಿದೆ.

“ಅಕ್ಕ. ಅಪ್ಪ ಮಾಡಿದ್ದು ಹಂಗೇ ಇರ್ಲಿ ಅಂದ್ರು ಅಮ್ಮ. ಆದ್ರೆ ಹಂಗಿದ್ರೆ ಕಾರು ಓಡಲ್ವಲ್ಲ!”

ಅಷ್ಟರಲ್ಲಿ ಎರಡನೇ ಬಾಡಿ ತರಿಸಿದ್ದೆ. ಈ ಸಲ ಒಳಗಿಂದಲೇ ಬಣ್ಣ. ಆದರೆ ಒಳಗಿಂದ ಅಂದರೆ ನನ್ನ ತಲೆ ಕೆಟ್ಟು ಹೋಯಿತು. ನಾವು ಕೊನೆಗೆ ಬರೆಯುವ ಅಕ್ಷರವನ್ನು ಇಲ್ಲಿ ಮೊದಲು ಬರೆಯಬೇಕು, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ. ಅದರ ಮೇಲೆ ಮಿಂಚು, ಅದರ ಮೇಲೆ ನೀಲಿ. ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ, ಎಡದ್ದು ಬಲಕ್ಕೆ. ಕನ್ನಡಿ ಮುಂದೆ ಕೂತು ‘ಚಂದನ’ ಎಂದು ತಿರುಗಿಸಿ ಬರೆಯಲು ಹೋಗಿ ನನ್ನ ಹೆಸರೇ ಮರೆಯುವ ಹಾಗಾಯಿತು.

ಬಾಗಿಲ ಬಳಿ ಹೂ ಕಟ್ಟುತ್ತಿದ್ದ ನಮ್ಮತ್ತೆ ಇದನ್ನೆಲ್ಲ ನೋಡುತ್ತಿದ್ದರು. ಒಂದು ಕಾಲಕ್ಕೆ ಬೀದಿಯ ಹೆಂಗಸರ ರವಿಕೆಯೆಲ್ಲ ಹೊಲಿದವರು. “ಅದ್ಯಾಕಪ್ಪ ಅಷ್ಟು ತಲೆ ಕೆಡಿಸ್ಕೋತೀಯ? ರವಿಕೆ ಉಲ್ಟಾ ಮಾಡ್ಕೊಂಡಲ್ವಾ ಒಲಿಯೋದು? ಒಲಿಯೋವಾಗ ಒಳಮೈ ನೋಡ್ಬೇಕು, ಮನಸ್ನಾಗೆ ಒರಮೈ ಇಟ್ಕೋಬೇಕು. ಕೊಡಿಲ್ಲಿ” ಎಂದು ಬ್ರಷ್ ಕಸಿದುಕೊಂಡರು. ಮೊಮ್ಮಗಳು ತೆಳು ಕಾಗದದ ಮೇಲೆ ಬರೆದ ಹೆಸರನ್ನು ಬರಹ ಆಚೆಗೆ ಇರುವ ಹಾಗೆ ಬಾಡಿಯ ಹೊರಗಡೆ ಅಂಟಿಸಿಕೊಂಡು, ಒಳಗಿಂದ ಕಾಣುವ ಗೆರೆಯ ಮೇಲೆ ಗೆರೆ ಎಳೆದರು. ಐದು ನಿಮಿಷ. ಇಪ್ಪತ್ತು ವರ್ಷದ ಅನುಭವವನ್ನು ನಾನು ಹೂವಿನ ಬುಟ್ಟಿಯ ಪಕ್ಕ ಇಟ್ಟು ಕೂತೆ. ಕೊನೆಗೆ ಚಂದನ ಹೊರಗಿನ ಹಾಳೆ ಸುಲಿದಾಗ ನೀಲಿ ಕಾರು ಒದ್ದೆಯಾದ ಹಾಗೆ ಹೊಳೆಯುತ್ತಿತ್ತು. ನನಗೆ ಖುಷಿಯಾಯಿತು. ಅದರ ಜೊತೆಗೇ, ಇದರಲ್ಲಿ ನನ್ನದೇನಿದೆ ಎಂದು ಪೆಚ್ಚೂ ಆದೆ.

ಓಡಿಸಲು ನುಣುಪಾದ ಜಾಗ ಬೇಕಲ್ಲ. ನಮ್ಮ ಬೀದಿಯಲ್ಲಿ ಗುಂಡಿ, ಹೊಳೆದಂಡೆಯಲ್ಲಿ ಮರಳು. ಸುಧಾಳ ತಮ್ಮ ಮಹದೇವನದು ಹತ್ತಿರದ ಹೆಮ್ಮಿಗೆಯಲ್ಲಿ ಬೇಸಾಯ, ಭತ್ತ ಒಣಗಿಸಲು ಸಿಮೆಂಟಿನ ಕಣ ಮಾಡಿಸಿದ್ದಾನೆ. ಭಾನುವಾರ ಎಲ್ಲರೂ ಅಲ್ಲಿಗೇ ಹೋದೆವು. ಮಹದೇವ ಭತ್ತವನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿ ಕಣ ಗುಡಿಸಿಕೊಟ್ಟ. “ಬಾವ, ಇದು ಓಯ್ತದಾ ನಿಜವಾಗ್ಲೂ?” ಎಂದು ಅನುಮಾನದಿಂದ ಕೇಳಿದ.

ಚಂದನ ರಿಮೋಟು ಹಿಡಿದು ಬಿಟ್ಟಳು ನೋಡಿ, ಕಾರು ಕಣದ ಉದ್ದಕ್ಕೂ ಚಿಮ್ಮಿಕೊಂಡು ಹೋಯಿತು. ಕೋಳಿಗಳು ಚೆಲ್ಲಾಪಿಲ್ಲಿ. ಮಹದೇವ “ಅಯ್ಯೋ ಇದರ!” ಎಂದು ಕುಣಿದೇಬಿಟ್ಟ. ತೇಜು ಓಡಿಸಿದಳು, ಮಹದೇವ ಓಡಿಸಿದ, ಅತ್ತೆ ಕೂಡ ಕೂತಲ್ಲೇ ಒಂದು ಸುತ್ತು ಹೊಡೆಸಿದರು. ಆಮೇಲೆ ಚಂದನ ರಿಮೋಟನ್ನು ನನ್ನ ಕೈಗಿಟ್ಟು, “ಈಗ ನೀವು ಅಪ್ಪ” ಅಂದಳು.

ಕಾರು ನಮ್ಮಿಂದ ದೂರ ಹೋಗುವಾಗ ಏನೂ ತೊಂದರೆಯಿಲ್ಲ. ಎಡಕ್ಕೆ ತಿರುಗಿಸಿದರೆ ಎಡಕ್ಕೆ ಹೋಗುತ್ತದೆ. ಅದು ತಿರುಗಿ ನಮ್ಮ ಕಡೆಗೇ ಬರುವಾಗ ಇದೆಯಲ್ಲ, ಆಗ ಅದರ ಎಡ ನಮ್ಮ ಬಲ. ಊಟದ ಕೈ ನೆನಪು ಮಾಡಿಕೊಳ್ಳುವಷ್ಟು ಪುರುಸೊತ್ತು ಅದು ಕೊಡುವುದಿಲ್ಲ. ಈ ಸಲ ಬೇಕೆಂದು ಮಾಡಿದ್ದಲ್ಲ, ದೇವರಾಣೆ. ಕಾರು ನನ್ನ ಕಡೆ ಬಂತು, ಪಕ್ಕದಲ್ಲಿ ಕಲಗಚ್ಚಿನ ಬಾನಿ ಇತ್ತು, ಎಮ್ಮೆಗಳಿಗೆಂದು ತುಂಬಿಸಿಟ್ಟದ್ದು. “ಎಡಕ್ಕೆ! ಎಡಕ್ಕೆ!” ಎಂದು ಚಂದನ ಕೂಗಿದಳು. ಯಾರ ಎಡ? ನಾನು ತಿರುಗಿಸಿದೆ. ಕಾರು ಕಣದ ಅಂಚಿನ ಕಲ್ಲು ಹತ್ತಿ, ಹಾರಿ, ಬಾನಿಯೊಳಗೆ ಬುಳುಕ್ ಎಂದಿತು.

“ಅಪ್ಪಾ! ತಲೆ ಇದ್ಯಾ ನಿಂಗೆ?”

ಚಂದನ ಮುಖ ಕೆಂಪಗೆ ಮಾಡಿಕೊಂಡು ನನ್ನೆದುರು ನಿಂತಿದ್ದಳು.

“ಚಂದೂ!” ಎಂದು ಸುಧಾ ಗದರಿಸಿದಳು.

“ಬಿಡೇ ಸುಧಾ, ಬೈಲಿ” ಅಂದೆ. ನನ್ನ ಮುಖದಲ್ಲಿ ನಗು ಬಂದಿರಬೇಕು. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

“ನಗಬೇಡ! ಎಷ್ಟು ದಿನ ಕಾದು ಬಣ್ಣ ಹಾಕಿದ್ದು ಗೊತ್ತಾ? ಮೊದಲನೇದನ್ನೂ ನೀನೇ ಉಜ್ಜಿ ಹಾಳು ಮಾಡ್ದೆ. ಬುಕ್ ನೋಡೋಣ ಅಂತ ಒಂದ್ಸಲಾನಾದ್ರೂ ಅನ್ಕೊಂಡ್ಯಾ? ಬರೀ ಭಾಷಣ. ಚಕ್ರ ಉಲ್ಟಾ ಹಾಕ್ತೀಯ, ನಾನು ರಾತ್ರಿಯೆಲ್ಲ ಕೂತು ಬಿಚ್ಚಬೇಕು. ಸ್ಕೂಲ್ ಡೇ ದಿನ ಬರ್ತೀನಿ ಅಂದು ಬರ್ಲೇ ಇಲ್ಲ. ನಾನು ಡ್ಯಾನ್ಸ್ ಮಾಡ್ತಾ ಬರೀ ಬಾಗಿಲೇ ನೋಡ್ತಿದ್ದೆ, ಸ್ಟೆಪ್ ತಪ್ಪೋಯ್ತು. ಫೋನ್ ಮಾಡಿದ್ರೆ ಹೂಂ, ಹೂಂ, ಅಷ್ಟೇ.”

ನನ್ನ ನಗು ಎಲ್ಲಿ ಹೋಯಿತೋ ತಿಳಿಯದು. ನಾನು ಬಯಸಿದ್ದು ಒಂದು ಸಣ್ಣ ಬೈಗುಳ. ಬಂದದ್ದು ನಾಲ್ಕು ವರ್ಷದ್ದು. ಇಷ್ಟೆಲ್ಲವನ್ನೂ ಇವಳು ಆ ಕಾಫಿ ಲೋಟದ ಜೊತೆ, ಫ್ಯಾನಿನ ಸ್ವಿಚ್ಚಿನ ಜೊತೆ ಹಿಡಿದುಕೊಂಡಿದ್ದಳೇ? ಆದರೂ, ನನಗಾದದ್ದು ನೋವೋ ಸಂತೋಷವೋ ಈಗಲೂ ಸರಿಯಾಗಿ ಹೇಳಲಾರೆ, ಬಾನಿಯ ಕಟ್ಟೆಯ ಮೇಲೆ ಕೂತು, “ಇನ್ನೂ ಇದೆಯಾ?” ಎಂದು ಕೇಳಿದೆ.

“ಇದೆ.”

“ಹೇಳು.”

ಅವಳ ಕಣ್ಣು ತುಂಬಿತ್ತು. “ದಿನಾ ಯಾಕ್ ಮನೆಗೆ ಬರಲ್ಲ ನೀನು?”

ಶಿಫ್ಟು, ಬಸ್ಸು, ಗದ್ದೆಗಿಳಿದ ಬೈಕು, ಎಲ್ಲ ನಾಲಿಗೆಯ ತುದಿಗೆ ಬಂದವು. ನಿಮಗೆ ಹೇಳಿದಷ್ಟು ಸಲೀಸಾಗಿ ಅವಳಿಗೆ ಹೇಳಲಾಗಲಿಲ್ಲ. ಬೇರೆಯವರು ಅರ್ಜಿ ಕೊಟ್ಟು, ದಿನವೂ ಹಗಲು ಹೊತ್ತಿಗೇ ಕೆಲಸವಿರುವ ಜನರಲ್ ಶಿಫ್ಟ್ ಪಡೆದುಕೊಂಡಿದ್ದರು. ನಾನು ನಾಲ್ಕು ವರ್ಷದಲ್ಲಿ ಒಂದು ಸಲ ಕೂಡ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ? ರೂಮು ರೂಢಿಯಾಗಿತ್ತೇ? ಯಾರೂ ಬಾ ಅನ್ನಲಿಲ್ಲ ಎಂದೇ?

“ಗೊತ್ತಿಲ್ಲ ಕಣೇ” ಅಂದೆ. ಅಷ್ಟು ನಿಜವಾದ ಮಾತನ್ನು ನಾನು ಅವಳಿಗೆ ಅದುವರೆಗೂ ಆಡಿರಲಿಲ್ಲ.

ಚಂದನ ಮೂಗು ಒರೆಸಿಕೊಂಡಳು. “ಯೋಚನೆ ಮಾಡಿ ಹೇಳು. ಈಗ ಮೊದ್ಲು ಕಾರು ತೆಗಿ, ಬ್ಯಾಟರಿ ಬಿಚ್ಚು, ನೀರು ಹೋಗಿರುತ್ತೆ.” ಮೊಣಕೈವರೆಗೆ ಕಲಗಚ್ಚಿನೊಳಗೆ ಕೈ ಹಾಕಿ ಹುಡುಕಿದೆ.

ಮರುದಿನ ಜನರಲ್ ಶಿಫ್ಟಿಗೆ ಅರ್ಜಿ ಕೊಟ್ಟೆ. ಯಾರೂ ಏನೂ ಅಡ್ಡಿ ಮಾಡದೆ ಆ ವಾರವೇ ಕೊಟ್ಟುಬಿಟ್ಟರು. ಇಷ್ಟು ಸುಲಭವಾಗಿ ಸಿಗುವುದನ್ನು ಯಾಕೆ ಕೇಳಿರಲಿಲ್ಲ ಎಂಬ ಗೊಂದಲ ಈಗ ಇನ್ನೂ ಜಾಸ್ತಿಯಾಗಿದೆ. ದಿನಾ ಸಂಜೆ ನರಸೀಪುರದ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತೇನೆ. ಊರು ಬಂದರೂ ಉತ್ತರ ಬಂದಿರುವುದಿಲ್ಲ.

ಚಂದನ ಬಾಗಿಲಲ್ಲೇ ಕೇಳುತ್ತಾಳೆ, “ಯೋಚನೆ ಮಾಡಿದ್ಯಾ?”

“ಮಾಡ್ತಾ ಇದ್ದೀನಿ” ಅನ್ನುತ್ತೇನೆ.

“ಸರಿ, ನಾಳೆ ಹೇಳು” ಎಂದು ಒಳಗೆ ಹೋಗುತ್ತಾಳೆ.